ಕಣ್ಣೂರಿನಿಂದ ಮಡಿಕೇರಿಗೆ ಮೋಡದಲ್ಲಿ ಏರುವಾಗ ತಡಿಯಂಡಮೋಳ್ ಎಚ್ಚರಿಕೆ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಕಣ್ಣೂರಿನಿಂದ ಮಡಿಕೇರಿಗೆ ಹೊರಟ ನಿಮ್ಮ ಸೆಸ್ನಾ 172 (ಒಂದೇ ಎಂಜಿನ್‌ನ ಸಣ್ಣ ವಿಮಾನ) ನಿಮಿಷಕ್ಕೆ 500 ಅಡಿ ಏರುತ್ತಿದ್ದರೂ 'ಪುಲ್ ಅಪ್' (ಮೇಲಕ್ಕೆ ಎತ್ತು) ಎಂಬ ಎಚ್ಚರಿಕೆ ಏಕೆ ಬರುತ್ತದೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಇದು: ನೀವು ನಿಮಿಷದ ಲೆಕ್ಕ ನೋಡುತ್ತಿದ್ದೀರಿ, ಬೆಟ್ಟ ಕೇಳುವುದು ಮೈಲಿಯ ಲೆಕ್ಕ.

ಐಎಫ್‌ಆರ್ (ಮೋಡದಲ್ಲಿ ಉಪಕರಣ ನೋಡಿ ಹಾರುವ ನಿಯಮ) ನಿರ್ಗಮನಕ್ಕೆ ಸಾಮಾನ್ಯ ಕನಿಷ್ಠ ಏರಿಕೆ 3.3%, ಅಂದರೆ ನಾಟಿಕಲ್ ಮೈಲಿಗೆ (1.85 ಕಿ.ಮೀ.) ಸುಮಾರು 200 ಅಡಿ. ದಾರಿಯಲ್ಲಿರುವ ಕೊಡಗಿನ ಶಿಖರ ತಡಿಯಂಡಮೋಳ್ 1,748 ಮೀಟರ್, 5,735 ಅಡಿ. ಕಣ್ಣೂರು ರನ್‌ವೇಯಿಂದ ನೇರ ಹೋದರೆ ಹೆಚ್ಚುಕಡಿಮೆ 18 ನಾಟಿಕಲ್ ಮೈಲಿ. 200ರ ಲೆಕ್ಕದಲ್ಲಿ ಅಲ್ಲಿಗೆ ತಲುಪುವಾಗ 4,000 ಅಡಿಯೂ ಆಗಿರುವುದಿಲ್ಲ! ಬೆಟ್ಟದ ಪ್ರದೇಶದಲ್ಲಿ 8 ಕಿ.ಮೀ. ಒಳಗಿನ ಅತಿ ಎತ್ತರದ ಅಡೆತಡೆಗಿಂತ 2,000 ಅಡಿ ಮೇಲಿರಬೇಕು. ಹಾಗಾಗಿ 7,800 ಅಡಿ ಇಟ್ಟುಕೊಳ್ಳಿ.

ನೇರ ಹೋಗಿಯೇ ಅಷ್ಟು ಎತ್ತರ ಸಿಗಬೇಕಾದರೆ ಮೈಲಿಗೆ 410 ಅಡಿ ಮೇಲೆ ಬೇಕು. ನೆಲವೇಗವನ್ನು (ನೆಲದ ಲೆಕ್ಕದ ವೇಗ; ನಾಟ್, ಅಂದರೆ ಗಂಟೆಗೆ ನಾಟಿಕಲ್ ಮೈಲಿಗಳಲ್ಲಿ) 60ರಿಂದ ಭಾಗಿಸಿ 410ರಿಂದ ಗುಣಿಸಿ: 95 ನಾಟ್‌ಗೆ ನಿಮಿಷಕ್ಕೆ 650 ಅಡಿ, ಅದೂ ಕೊನೆಯವರೆಗೆ. ತುಂಬಿದ 172ಗೆ ಅದು ಆಗದ ಮಾತು. ನೀವು ಹಾಕಿದ ತೂಕ ಬರೆದಿಲ್ಲ, ಕಡಿಮೆಯಿದ್ದರೆ ಸ್ವಲ್ಪ ವ್ಯತ್ಯಾಸವಾದೀತು. ಮುಂಗಾರಿನ ನೈಋತ್ಯ ಗಾಳಿ ಹಿಂದಿನಿಂದ ತಳ್ಳಿದರೆ ನೆಲವೇಗ ಹೆಚ್ಚಿ ಏರಿಕೆ ಇನ್ನೂ ಚಪ್ಪಟೆಯಾಗುತ್ತದೆ.

ಮೊದಲು ಪ್ರಕಟಿತ ನಿರ್ಗಮನ ಚಾರ್ಟ್ (ನಿಲ್ದಾಣದಿಂದ ಹೊರಡುವ ದಾರಿ, ಏರಿಕೆ ತೋರಿಸುವ ನಕ್ಷೆ) ನೋಡಿ, ಅದರಲ್ಲಿರುವ ಏರಿಕೆ ನಿಮ್ಮ ವಿಮಾನಕ್ಕೆ ಸಾಧ್ಯವೇ ಲೆಕ್ಕ ಹಾಕಿ. ಆಗದಿದ್ದರೆ ಪಶ್ಚಿಮಕ್ಕೆ, ಸಮುದ್ರದ ಮೇಲೆ ಹೋಗಿ ಅಲ್ಲೇ ಸುತ್ತುತ್ತಾ 7,800 ತಲುಪಿ. ಕಾಲು ಗಂಟೆ ಹಿಡಿಯುತ್ತದೆ, ಬೇಸರವೇ ಸರಿ. ಆಮೇಲಷ್ಟೇ ಮಡಿಕೇರಿ ಕಡೆ ತಿರುಗಿ.