ಅಪ್ರೆಂಟಿಸ್ ಆದವರು ದೂರು ಕೊಡಬಾರದಾ?

ಪ್ರಶ್ನೆ: ನಾನು ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್. ಜೊತೆಗೆ ಸೇರಿದ ಹುಡುಗರಿಗೆಲ್ಲ ಲೇತ್ ಕಲಿಸುತ್ತಾರೆ, ನನಗೆ ಮಾತ್ರ ಗುಡಿಸೋದು, ರಿಜಿಸ್ಟರ್ ಬರೆಯೋದು. ಕೇಳಿದರೆ ಸೂಪರ್‌ವೈಸರ್ ‘ಹೆಣ್ಣುಮಕ್ಕಳಿಗೆ ಮಷಿನ್ ಯಾಕೆ’ ಅಂತಾರೆ. ಕಾಯಂ ನೌಕರಳಲ್ಲದ ನಾನು ದೂರು ಕೊಡಬಹುದಾ? ಸರ್ಟಿಫಿಕೇಟ್ ತಡೆದುಬಿಟ್ಟರೆ?

ಉತ್ತರ: ಕೊಡಬಹುದು ತಂಗಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಪ್ಪಂದ ತಾರತಮ್ಯದ ಲೆಕ್ಕಕ್ಕೆ ವೃತ್ತಿ ತರಬೇತಿಯನ್ನೂ ಸೇರಿಸಿದೆ. ಕಿರುಕುಳದ ಬಗ್ಗೆ ಇರುವ 2019ರ 190ನೇ ಒಪ್ಪಂದವಂತೂ ಅಪ್ರೆಂಟಿಸ್‌ಗಳನ್ನು ಹೆಸರು ಹಿಡಿದೇ ಹೇಳುತ್ತದೆ. ಆದರೆ ಕೆಲಸಕ್ಕೆ ಬರೋದು ನಿಮ್ಮ ದೇಶದ ಕಾನೂನೇ, ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಸುಮ್ನೆ ‘ಭೇದ ಮಾಡ್ತಾರೆ’ ಅಂತ ಬರೆದರೆ ಯಾರೂ ಕದಲೋದಿಲ್ಲ. ನಿಮ್ಮ ತರಬೇತಿ ಒಪ್ಪಂದದಲ್ಲಿ ಏನೇನು ಕಲಿಸಬೇಕು ಅಂತ ಇದೆಯಲ್ಲ, ಅದನ್ನು ಎದುರಿಗಿಟ್ಟುಕೊಂಡು, ಯಾವ ದಿನ ಹುಡುಗರಿಗೆ ಯಾವ ಕೆಲಸ ಕೊಟ್ಟರು, ನಿಮಗೆ ಯಾವುದು, ಆ ಮಾತು ಯಾರು ಆಡಿದರು, ಕೇಳಿಸಿಕೊಂಡವರು ಯಾರು, ಎಲ್ಲ ತಾರೀಖು ಹಾಕಿ ಅವತ್ತೇ ಬರೆದಿಡಿ. ನೋಟ್‌ಬುಕ್ ಮನೆಯಲ್ಲಿರಲಿ, ಕಾರ್ಖಾನೆಯ ಲಾಕರ್‌ನಲ್ಲಿ ಬೇಡ!

ದೂರು ಬರವಣಿಗೆಯಲ್ಲೇ ಇರಲಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಒಂದು ಪ್ರತಿ ಎಚ್‌ಆರ್‌ಗೆ, ಇನ್ನೊಂದು ನಿಮ್ಮ ತರಬೇತಿ ನೋಡಿಕೊಳ್ಳುವ ಸಂಸ್ಥೆಗೆ ಅಥವಾ ಇಲಾಖೆಗೆ. ಈ ಎರಡನೇ ಬಾಗಿಲು ಅಪ್ರೆಂಟಿಸ್‌ಗಳಿಗೆ ಇರುವ ಅನುಕೂಲ, ಜಾಸ್ತಿ ಜನ ಮರೆತೇಬಿಡುತ್ತಾರೆ. ಸರ್ಟಿಫಿಕೇಟಿನ ಭಯವನ್ನೂ ಅದರಲ್ಲೇ ಬರೆಯಿರಿ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳೋದು ಅನೇಕ ದೇಶಗಳಲ್ಲಿ ಬೇರೆಯದೇ ತಪ್ಪು. ತರಬೇತಿ ಮುಗಿಯಲಿ ಅಂತ ಕಾಯಬೇಡಿ, ಇಂಥ ದೂರಿಗೆ ಗಡುವು ಇರುತ್ತದೆ, ಕೆಲವು ಕಡೆ ಕೆಲವೇ ತಿಂಗಳು. ಸಿಟ್ಟಿನಲ್ಲಿ ಬಿಟ್ಟು ಬರೋದಂತೂ ಬೇಡ.