ಸಂಪಾದಕರ ಉತ್ತರ: ಸಾಂತಾಕ್ಲಾಸ್‌ಗೆ ಕೇರಿಯ ದಾರಿ ಹೇಳಿದ ಹಾಡು

ಮಾನ್ಯರೇ,

ಡಿಸೆಂಬರ್ ಸಂಚಿಕೆಯ ಸಂಗೀತ ಪುಟದಲ್ಲಿ ಅಮೆರಿಕದ ಕಪ್ಪು ಜನರ ‘ಸೋಲ್’ ಸಂಗೀತದ ಗಾಯಕ ಜೇಮ್ಸ್ ಬ್ರೌನ್ ಅವರ ‘ಎ ಸೋಲ್‌ಫುಲ್ ಕ್ರಿಸ್‌ಮಸ್’ ಎಂಬ 1968ರ ಆಲ್ಬಮ್ಮನ್ನು ಹಬ್ಬದ ದಿನಗಳಲ್ಲಿ ಕೇಳಬಹುದೆಂದು ನಾವು ಸೂಚಿಸಿದ್ದನ್ನು ಆಕ್ಷೇಪಿಸಿ ನೀವು ಬರೆದ ಪತ್ರ ತಲುಪಿದೆ. ಚರ್ಚಿನ ಗಾಯನವೃಂದದಲ್ಲಿ ವರ್ಷಗಟ್ಟಲೆ ಹಾಡಿದ ನಿಮಗೆ, ಗೋದಲಿಯ ಬದಲು ಸಾಂತಾಕ್ಲಾಸ್‌ನನ್ನೇ ಮತ್ತೆ ಮತ್ತೆ ಕರೆಯುವ, ನಡುವೆ ಕಪ್ಪು ಜನರ ಸ್ವಾಭಿಮಾನದ ಘೋಷಣೆಯನ್ನೂ ಸೇರಿಸಿಕೊಂಡಿರುವ ಈ ಆಲ್ಬಮ್ ಹಬ್ಬಕ್ಕೆ ಸಲ್ಲದ ವ್ಯಾಪಾರದ ಸರಕಾಗಿ ಕಂಡಿದೆ.

ವ್ಯಾಪಾರದ ಮಾತನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಿನ್ಸಿನಾಟಿಯ ಕಿಂಗ್ ರೆಕಾರ್ಡ್ಸ್ ಕಂಪನಿಗೆ ಹಬ್ಬದ ಮಾರುಕಟ್ಟೆಯ ರುಚಿ ಚೆನ್ನಾಗಿ ಗೊತ್ತಿತ್ತು. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡಿನಲ್ಲಿ ಬ್ರೌನ್ ಅವರು ತಮ್ಮ ರೆಕಾರ್ಡುಗಳನ್ನು ಕೊಂಡು, ತಮ್ಮ ಪ್ರದರ್ಶನಗಳಿಗೆ ಬರುವ ಅಭಿಮಾನಿಗಳಿಗೆ ಯಾವ ಸಂಕೋಚವೂ ಇಲ್ಲದೆ ಕೃತಜ್ಞತೆ ಹೇಳುತ್ತಾರೆ. ಗಿರಾಕಿಗೆ ಇಷ್ಟು ನೇರವಾಗಿ ಕೈಮುಗಿದ ಕ್ರಿಸ್‌ಮಸ್ ಹಾಡನ್ನು ನಾನು ಬೇರೆ ಕೇಳಿಲ್ಲ. ಹಬ್ಬಕ್ಕೆ ಸಂಬಂಧವೇ ಇಲ್ಲದ ವಾದ್ಯಸಂಗೀತವನ್ನೂ ಸೇರಿಸಿ ಆಲ್ಬಮ್ಮಿನ ಹೊಟ್ಟೆ ತುಂಬಿಸಲಾಗಿದೆ ಎಂಬುದೂ ನಿಜ.

ಆದರೆ ‘ಸಾಂತಾಕ್ಲಾಸ್ ಗೋ ಸ್ಟ್ರೇಟ್ ಟು ದ ಘೆಟ್ಟೊ’ ಎಂಬ ಹಾಡನ್ನು ಇದೇ ಲೆಕ್ಕಕ್ಕೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಘೆಟ್ಟೊ ಎಂಬ ಮಾತು ನಿಮಗೆ ಕರ್ಕಶವೆನಿಸಿದೆ. 1516ರಲ್ಲಿ ವೆನಿಸ್ ನಗರ ಯಹೂದಿಯರನ್ನು ಕೂಡಿಹಾಕಿದ ಬಡಾವಣೆಯಿಂದ ಹೊರಟ ಈ ಪದ ಅಮೆರಿಕಕ್ಕೆ ಬಂದು, ಸಾಲ ಸಿಗದ, ಬೇರೆಡೆ ಮನೆ ಸಿಗದ ಕಪ್ಪು ಜನರು ಒತ್ತೊತ್ತಾಗಿ ಬದುಕಬೇಕಾಗಿದ್ದ ನಗರಭಾಗಗಳಿಗೆ ಅಂಟಿಕೊಂಡಿತು. ಊರಿಗೆ ಅಂಟಿಕೊಂಡೇ ಊರಿನ ಹೊರಗಿರುವುದೆಂದರೇನು ಎಂಬುದನ್ನು ಕನ್ನಡದ ‘ಕೇರಿ’ ಎಂಬ ಪದ ಬಲ್ಲದ್ದರಿಂದ ನಾವು ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. 1967ರ ಬೇಸಿಗೆಯಲ್ಲಿ ನ್ಯೂವಾರ್ಕ್ ಮತ್ತು ಡೆಟ್ರಾಯಿಟ್ ನಗರಗಳ ಇಂಥ ಭಾಗಗಳು ಗಲಭೆಯಲ್ಲಿ ಹೊತ್ತಿ ಉರಿದಿದ್ದವು. ಮರುವರ್ಷ ಏಪ್ರಿಲ್ 4ರಂದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮಾರನೆಯ ರಾತ್ರಿ ಬಾಸ್ಟನ್ನಿನಲ್ಲಿ ಬ್ರೌನ್ ಅವರ ಕಾರ್ಯಕ್ರಮವನ್ನು ಟಿವಿಯಲ್ಲಿ ನೇರವಾಗಿ ತೋರಿಸಿ, ಜನ ಬೀದಿಗಿಳಿಯದೆ ಮನೆಯಲ್ಲೇ ಉಳಿಯುವಂತೆ ಮಾಡಲಾಯಿತು. ಮನೆ ಬಾಡಿಗೆ ಮತ್ತು ಮಾರಾಟದಲ್ಲಿ ಬಣ್ಣ ನೋಡಬಾರದೆಂಬ ಕಾನೂನಿಗೆ ಅದೇ ತಿಂಗಳ 11ರಂದು ಅಧ್ಯಕ್ಷರ ಸಹಿ ಬಿತ್ತು. ಆ ವರ್ಷದ ಕೊನೆಗೆ ಬಂದ ಕ್ರಿಸ್‌ಮಸ್ ಅದು.

ಹಾಡಿನಲ್ಲಿ ಬ್ರೌನ್ ಅವರು ಸಾಂತಾಕ್ಲಾಸ್‌ನಲ್ಲಿ ಬೇಡುವುದಿಲ್ಲ, ಅವನಿಗೆ ವಿಳಾಸ ಕೊಡುತ್ತಾರೆ. ನೆಟ್ಟಗೆ ಕೇರಿಗೆ ಹೋಗು, ಉಡುಗೊರೆಗಾಗಿ ಮಕ್ಕಳು ತೂಗುಹಾಕಿದ ಕಾಲುಚೀಲಗಳನ್ನೆಲ್ಲ ತುಂಬಿಸು, ಕಳಿಸಿದವರು ಯಾರೆಂದು ಕೇಳಿದರೆ ಜೇಮ್ಸ್ ಬ್ರೌನ್ ಎನ್ನು. ಅಲ್ಲಿ ನಿನ್ನ ಕಣ್ಣಿಗೆ ಬೀಳುವುದೇನೆಂದು ನಾನು ಬಲ್ಲೆ, ಏಕೆಂದರೆ ಒಂದು ಕಾಲಕ್ಕೆ ಅದು ನಾನೇ ಆಗಿದ್ದೆ. ಇದರಲ್ಲಿ ಜಂಬವಿಲ್ಲವೆಂದು ನಾನು ಹೇಳಲಾರೆ, ಆದರೆ ಸುಳ್ಳಂತೂ ಇಲ್ಲ. 1933ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಹುಟ್ಟಿದ ಬ್ರೌನ್ ಜಾರ್ಜಿಯಾದ ಆಗಸ್ಟಾ ಊರಿನಲ್ಲಿ, ಬಂಧುವೊಬ್ಬರು ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ ಬೆಳೆದವರು. ಬೂಟು ಪಾಲಿಶ್ ಮಾಡಿ, ಸೈನಿಕರ ಮುಂದೆ ಕುಣಿದು ಚಿಲ್ಲರೆ ಸಂಪಾದಿಸಿದವರು. ಮೈಮೇಲಿನ ಬಟ್ಟೆ ಸಾಲದೆಂಬ ಕಾರಣಕ್ಕೆ ಶಾಲೆಯಿಂದ ಮನೆಗೆ ಅಟ್ಟಿಸಿಕೊಂಡವರು. ಬಂದೇ ಬರುತ್ತಾನೆಂದು ನಂಬಿದ ಮಗುವಿನ ಮನೆಗೆ ಮಾತ್ರ ಸಾಂತಾಕ್ಲಾಸ್ ಬರಲಿಲ್ಲವಾದರೆ ಆ ಮಗು ತನ್ನನ್ನೇ ತಪ್ಪಿತಸ್ಥನೆಂದುಕೊಳ್ಳುತ್ತದೆ. ಈ ಹಾಡು ಆ ತಪ್ಪನ್ನು ಮಗುವಿನ ತಲೆಯಿಂದ ಇಳಿಸಿ, ದಾರಿ ತಪ್ಪಿದ್ದು ಸಾಂತಾಕ್ಲಾಸ್ ಎನ್ನುತ್ತದೆ. ದಾಸರ ನಿಂದಾಸ್ತುತಿಯನ್ನು ಕೇಳಿ ಬೆಳೆದ ನಮಗೆ, ಪ್ರೀತಿಸುವವನನ್ನೇ ಎದುರು ನಿಲ್ಲಿಸಿ ದಬಾಯಿಸುವ ಈ ಧಾಟಿ ತೀರ ಅಪರಿಚಿತವೇನಲ್ಲ.

ನಿಮ್ಮ ಕೋಪಕ್ಕೆ ಮುಖ್ಯ ಕಾರಣವಾದ ‘ಸೇ ಇಟ್ ಲೌಡ್, ಐ ಆ್ಯಮ್ ಬ್ಲ್ಯಾಕ್ ಆ್ಯಂಡ್ ಐ ಆ್ಯಮ್ ಪ್ರೌಡ್’ (ಗಟ್ಟಿಯಾಗಿ ಹೇಳು, ನಾನು ಕಪ್ಪು, ನನಗದು ಹೆಮ್ಮೆ) ಅದೇ ವರ್ಷ ಆಗಸ್ಟಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಧ್ವನಿಮುದ್ರಣಗೊಂಡ ಹಾಡು. ಅದಾಗಲೇ ಜನಪ್ರಿಯವಾಗಿದ್ದುದರಿಂದ ಕಂಪನಿ ಅದನ್ನು ಆಲ್ಬಮ್ಮಿಗೆ ಸೇರಿಸಿರಬಹುದೆಂಬ ನಿಮ್ಮ ಅನುಮಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಹಾಡಿನಲ್ಲಿ ಬ್ರೌನ್ ಅವರು ಅರ್ಧ ಸಾಲು ಹೇಳಿ ನಿಲ್ಲಿಸುತ್ತಾರೆ, ಉಳಿದರ್ಧವನ್ನು ಕೂಗಿ ಪೂರ್ಣಗೊಳಿಸುವುದು ಮಕ್ಕಳು. ಕಾಲುಚೀಲ ತೂಗುಹಾಕಿ ಕಾದ ಮಕ್ಕಳ ಹಾಡಿರುವ ಆಲ್ಬಮ್ಮಿನಲ್ಲಿಯೇ ಈ ಮಕ್ಕಳ ದನಿಯೂ ಇರುವುದು ಸರಿಯಾಗಿಯೇ ಕೇಳಿಸುತ್ತದೆ.

ಭಕ್ತಿಯ ವಿಷಯಕ್ಕೆ ಬಂದರೆ, ಸೋಲ್ ಸಂಗೀತ ಹುಟ್ಟಿದ್ದೇ ಕಪ್ಪು ಜನರ ಚರ್ಚುಗಳ ಗಾಸ್ಪೆಲ್ ಎಂಬ ಭಕ್ತಿಗಾಯನದಿಂದ. ಬೋಧಕ ಒಂದು ಮಾತು ಎಸೆದರೆ ಸಭೆ ತಿರುಗಿ ಉತ್ತರಿಸುವ ಪದ್ಧತಿಯನ್ನೇ ಈ ಗಾಯಕರು ವೇದಿಕೆಗೆ ತಂದರು. ಇನ್ನು ನಿಮ್ಮ ಪತ್ರದಲ್ಲಿ ಮಾದರಿಯೆಂದು ಹೊಗಳಿರುವ ‘ವೈಟ್ ಕ್ರಿಸ್‌ಮಸ್’ ಹಾಡಿನಲ್ಲೂ ಗೋದಲಿಯಿಲ್ಲ. ಅದನ್ನು ಬರೆದ ಅರ್ವಿಂಗ್ ಬರ್ಲಿನ್ ಯಹೂದಿ. ಹಸಿದವರಿಗೆ ಒಳ್ಳೆಯದನ್ನು ತುಂಬಿಕೊಟ್ಟು, ಸಿರಿವಂತರನ್ನು ಬರಿಗೈಯಲ್ಲಿ ಕಳಿಸಿದ ದೇವರನ್ನು ಕೊಂಡಾಡುವ, ಯೇಸುವಿನ ತಾಯಿ ಮರಿಯಳ ಹಾಡು ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬ್ರೌನ್ ಅವರ ಹಾಡು ಅದಕ್ಕೆ ಎಷ್ಟು ದೂರವೆಂಬುದನ್ನು ನೀವೇ ಹೇಳಬೇಕು. ಬದುಕಿನಲ್ಲಿ ಅವರು ಸಂತರಾಗಿರಲಿಲ್ಲ, ಜೈಲನ್ನೂ ಕಂಡವರು. ಆದರೆ 2006ರ ಡಿಸೆಂಬರ್ ಕೊನೆಯಲ್ಲಿ ಎಂದಿನಂತೆ ಆಗಸ್ಟಾದ ಮಕ್ಕಳಿಗೆ ಆಟಿಕೆ ಹಂಚಿದ ಕೆಲವೇ ದಿನಗಳಲ್ಲಿ, ಕ್ರಿಸ್‌ಮಸ್ ದಿನ ಬೆಳಗಿನ ಜಾವವೇ, ಅಟ್ಲಾಂಟಾದ ಆಸ್ಪತ್ರೆಯಲ್ಲಿ ತೀರಿಕೊಂಡರು.

ನಿಮ್ಮ ಪತ್ರ ಎತ್ತಿ ತೋರಿಸಿದ ಇನ್ನೊಂದು ದೋಷ ಸಂಪೂರ್ಣವಾಗಿ ನಮ್ಮದೇ. ಇದು ಬ್ರೌನ್ ಅವರ ಮೊದಲ ಕ್ರಿಸ್‌ಮಸ್ ಆಲ್ಬಮ್ ಎಂದು ನಾವು ಅಚ್ಚು ಮಾಡಿದ್ದು ತಪ್ಪು. 1966ರಲ್ಲೇ ಅವರದೊಂದು ಬಂದಿತ್ತು, 1970ರಲ್ಲಿ ‘ಹೇ ಅಮೆರಿಕಾ’ ಎಂಬ ಮತ್ತೊಂದು ಬಂತು. ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ. ಹಳೆಯ, ಪರಿಚಿತ ಕ್ರಿಸ್‌ಮಸ್ ಹಾಡುಗಳೂ ಇರುವ ಆ 1966ರ ಆಲ್ಬಮ್ ಬಹುಶಃ ನಿಮಗೆ ಹಿಡಿಸೀತು.

— ಸಂಪಾದಕ