ಹಳೆಯ ಯೆಜ್ಡಿ ಬೈಕಿನ ಚಕ್ರದ ಕಡ್ಡಿಗೆ, ಅಂದರೆ ಸ್ಪೋಕ್‌ಗೆ ತುಕ್ಕು ಹಿಡಿದಿದೆ. ಉಜ್ಜಿದರೆ ಸಾಕಾ, ಬದಲಿಸಬೇಕಾ?

ತುಕ್ಕು ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಕಡ್ಡಿಯ ನಡುವೆ ಬರೀ ಕಂದು ಪುಡಿ ಇದ್ದರೆ ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಸಾಕು.

ಆದರೆ ಚಕ್ರದ ನಡುವಿನ ಹಬ್ ಹತ್ತಿರದ ಬಾಗಿನಲ್ಲೋ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಬುಡದಲ್ಲೋ ಗುಳಿ ಬಿದ್ದಿದ್ದರೆ ಯೋಚನೆ ಬೇಡ, ಬದಲಿಸಿ. ಕಡ್ಡಿ ಮುರಿಯುವುದು ಹೆಚ್ಚಾಗಿ ಅಲ್ಲೇ. ಒಂದೆರಡು ಮುರಿದರೆ ಭಾರವೆಲ್ಲ ಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ಸೋಲುತ್ತವೆ. ಹಾಗಾಗಿ ಬಹಳಷ್ಟು ಕೆಟ್ಟಿದ್ದರೆ ಇಡೀ ಸೆಟ್ ಹಾಕಿಸುವುದೇ ಸರಿ. ಸುಮ್ನೆ ಸಿಲ್ವರ್ ಪೇಂಟ್ ಬಳಿದು ಮುಚ್ಚುವವರೂ ಇದ್ದಾರೆ, ನನಗಂತೂ ಅದು ಒಪ್ಪಿಗೆಯಿಲ್ಲ.

ಬಿಚ್ಚುವ ಮುಂಚೆ ಕಡ್ಡಿಗಳ ಹೆಣಿಗೆಯ ಫೋಟೋ ತೆಗೆದುಕೊಳ್ಳಿ. ಒಳಗಿನ, ಹೊರಗಿನ ಕಡ್ಡಿಗಳ ಬಾಗು ಬೇರೆ ಇರಬಹುದು, ಎರಡರದ್ದೂ ಮಾದರಿ ಇಟ್ಟುಕೊಂಡೇ ಅಂಗಡಿಗೆ ಹೋಗಿ. ನಿಪ್ಪಲ್ ಕಚ್ಚಿಕೊಂಡಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ಖರ್ಚು ಜಾಸ್ತಿ, ತುಕ್ಕಿನ ಕಾಟ ಕಡಿಮೆ.

ಮೈಸೂರಿನಲ್ಲಿ ಇದು ಹೊಸ ಕೆಲಸವಲ್ಲ. ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳು ಇಲ್ಲಿ ಇನ್ನೂ ಓಡುತ್ತಿವೆ ಅಲ್ವಾ. ಹಳೇ ಜಾವಾ ರಿಪೇರಿ ಮಾಡುವವರನ್ನೇ ಹುಡುಕಿ ಚಕ್ರದ ಔಟ್ (ಓಲಾಟ) ತೆಗೆಸಿ. ನಿಪ್ಪಲ್‌ನಿಂದ ಆಚೆ ಬಂದ ಕಡ್ಡಿಯ ತುದಿಯನ್ನು ಅರದಿಂದ (ಫೈಲ್) ಉಜ್ಜಿಸಿ, ಇಲ್ಲದಿದ್ದರೆ ಟ್ಯೂಬ್ ಪಂಕ್ಚರ್. ಮೊದಲ ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ, ಹೊಸ ಕಡ್ಡಿಗಳು ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತವೆ.